ಫಿಟ್ಸ್ ಬರುವ ಮಗು ಸ್ಮಾರ್ಟ್ ಕ್ಲಾಸಿನಿಂದ ಹೊರಗೆ ಕೂರಬೇಕಾ?

ನಮಸ್ಕಾರ. ಈ ಸಲ ವಿಡಿಯೋ ಶುರುವಿನಲ್ಲಿ ಮಿಂಚುವ ಲೋಗೋ ಕಾಣಲಿಲ್ಲ ಅಲ್ವಾ? ಬೇಕಂತಲೇ ತೆಗೆದಿದ್ದೇನೆ.

"ಅವಳಿಗೆ ಫಿಟ್ಸ್ ಬರುತ್ತೆ, ಕಂಪ್ಯೂಟರ್ ಬೇಡ, ಲೈಬ್ರರಿಯಲ್ಲಿ ಕೂರಲಿ." ನಾವು ಶಿಕ್ಷಕರು ಕಾಳಜಿಯಿಂದಲೇ ಹೇಳುವ ಮಾತು, ಆದರೆ ಪಾಠ ತಪ್ಪುವುದು ಮಗುವಿಗೆ. ಮೂರ್ಛೆರೋಗ ಇರುವ 100 ಜನರಲ್ಲಿ ಮಿನುಗುವ ಬೆಳಕಿನಿಂದ ಫಿಟ್ಸ್ ಬರುವುದು ಸುಮಾರು 3 ಜನರಿಗೆ. ಮಕ್ಕಳಲ್ಲಿ, ಹದಿಹರೆಯದಲ್ಲಿ ಸ್ವಲ್ಪ ಜಾಸ್ತಿ. ಇಇಜಿ, ಅಂದರೆ ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ, ಮಾಡುವಾಗ ಕಣ್ಣೆದುರು ಲೈಟ್ ಮಿನುಗಿಸಿ ಇದನ್ನೂ ನೋಡುತ್ತಾರೆ, ಹಾಗಾಗಿ ಊಹೆ ಮಾಡುವ ಬದಲು ಅಪ್ಪ ಅಮ್ಮನನ್ನೇ ಕೇಳಿ.

[ಪರದೆಯ ಮೇಲೆ: 1997, ಡಿಸೆಂಬರ್ 16. ಅಲುಗಾಡದ ಅಕ್ಷರ.]

ಅವತ್ತು ಜಪಾನಿನ ಟಿವಿಯಲ್ಲಿ ಪೋಕೆಮಾನ್ ಕಾರ್ಟೂನ್ ಬರುತ್ತಿತ್ತು. ಕೆಂಪು, ನೀಲಿ, ಕೆಂಪು, ನೀಲಿ, ಸೆಕೆಂಡಿಗೆ ಸುಮಾರು 12 ಸಲ ಪರದೆ ಮಿಂಚಿತು, ಅದೂ ಕೆಲವೇ ಸೆಕೆಂಡು. 600ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಹೆಚ್ಚಿನವರು ಮಕ್ಕಳು, ಅದರಲ್ಲೂ ತುಂಬಾ ಜನರಿಗೆ ಮುಂಚೆ ಫಿಟ್ಸ್ ಬಂದೇ ಇರಲಿಲ್ಲ! ಅಂದರೆ ಸರಿಮಾಡಬೇಕಾದ್ದು ನಮ್ಮ ಸ್ಲೈಡು, ಅದೂ ಇಡೀ ಕ್ಲಾಸಿಗೋಸ್ಕರ.

ವೆಬ್ ಪುಟಗಳಿಗೆ ಇರುವ ನಿಯಮ ಸುಲಭ: ಸೆಕೆಂಡಿಗೆ 3ಕ್ಕಿಂತ ಜಾಸ್ತಿ ಸಲ ಏನೂ ಮಿಂಚಬಾರದು. ಕ್ವಿಜ್ ಆಪಿನಲ್ಲಿ ಗೆದ್ದಾಗ ಪಟಪಟ ಹೊಡೆಯುವ ಬಣ್ಣವನ್ನು ಆಫ್ ಮಾಡಿ. ಪ್ರೊಜೆಕ್ಟರ್ ಅಂದ ಕೂಡಲೇ ಕಿಟಕಿ ಮುಚ್ಚಿ ಲೈಟ್ ಆರಿಸುವ ಅಭ್ಯಾಸ ನಮಗೆಲ್ಲ ಇದೆ, ಅದನ್ನೂ ಬಿಡಿ, ಕತ್ತಲಲ್ಲಿ ಮಿನುಗು ಇನ್ನೂ ಜೋರಾಗಿ ಹೊಡೆಯುತ್ತದೆ. ಹಠಾತ್ತನೆ ಮಿಂಚು ಬಂದರೆ ಅಂಗೈಯಿಂದ ಒಂದು ಕಣ್ಣು ಪೂರ್ತಿ ಮುಚ್ಚಿಕೊಂಡು ಮುಖ ತಿರುಗಿಸಲು ಮಗುವಿಗೆ ಹೇಳಿಕೊಡಿ. ಸುಮ್ನೆ ಎರಡೂ ಕಣ್ಣು ಮುಚ್ಚಿದರೆ ಸಾಲದು, ರೆಪ್ಪೆ ದಾಟಿ ಬೆಳಕು ಬರುತ್ತದೆ.

ಇನ್ನು ಬೆಳಕಿನ ತೊಂದರೆಯೇ ಇಲ್ಲದ ಮಕ್ಕಳು. ಫಿಟ್ಸ್ ಬಂದಾಗ ಕೆಲವರು ಬೀಳುವುದಿಲ್ಲ, ಹತ್ತು ಸೆಕೆಂಡು ಎವೆಯಿಕ್ಕದೆ ನೋಡುತ್ತಾ ಕೂರುತ್ತಾರೆ, ನಾವು "ಎಲ್ಲಿದೀಯಾ, ಕನಸಾ?" ಅಂತ ಬೈಯುತ್ತೇವೆ. ಅಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ಇಂಥವರಿಗೆ ಹಿಂದಕ್ಕೆ ಎಳೆದು ನೋಡಬಹುದಾದ ವಿಡಿಯೋ ನಿಜವಾಗಿ ವರ. ಕೆಲವು ಮಾತ್ರೆಗಳು ಮಂಕು ಹಿಡಿಸುತ್ತವೆ, ಹಾಗಾಗಿ ಆನ್‌ಲೈನ್ ಟೆಸ್ಟಿನ ಟೈಮರ್ ಸ್ವಲ್ಪ ಸಡಿಲ ಮಾಡಿ.

ಕ್ಲಾಸಿನಲ್ಲೇ ಬಿದ್ದರೆ? ಕೀ ಗೊಂಚಲು ಹಿಡಿಸಬೇಡಿ, ಬಾಯಿಗೆ ಏನೂ ತುರುಕಬೇಡಿ, ಅದುಮಿ ಹಿಡಿಯಬೇಡಿ. ತಲೆಗೆ ಬ್ಯಾಗ್ ಕೊಟ್ಟು, ಅದುರು ನಿಂತ ಕೂಡಲೇ ಪಕ್ಕಕ್ಕೆ ಮಲಗಿಸಿ, ಶುರುವಿನಿಂದಲೇ ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108ಕ್ಕೆ ಫೋನ್. ಆಮೇಲೆ ಸುಸ್ತಾಗಿ ನಿದ್ದೆ ಹೋಗಬಹುದು, ಹೋಗಲಿ, ಯಾರಾದರೂ ಪಕ್ಕದಲ್ಲಿರಿ. ಆ ದಿನದ ಪಾಠದ ಲಿಂಕ್ ಸಂಜೆ ವಾಟ್ಸಾಪಿಗೆ ಕಳಿಸಿ.