ಮೆಟ್ಟಿಲಿನಿಂದ ಮೊದಲಾಗುವ ಮೇಲ್ಸೇತುವೆ

ಕೇಳುಗರಿಗೆ ನಮಸ್ಕಾರ.

ಮಂಗಳೂರು–ಶೊರನೂರು ಹಳಿಯ ಬದಿಯಲ್ಲೇ ಬೆಳೆದ ಕಾಸರಗೋಡಿನವರಾದ ನಮಗೆ ರೈಲು ಹೊಸತಲ್ಲ. ಆದರೆ ಅದೇ ರೈಲನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿ, ಮಾದರಿ ಮಾಡಿ ಮೇಜಿನ ಮೇಲೆ ಓಡಿಸುವವರು, ಪಾದಚಾರಿ ಮೇಲ್ಸೇತುವೆ ಕಟ್ಟಲು ಹೊರಟಾಗ, ಕಣ್ಣಿಗೆ ಚೆಂದ ಕಾಣುವ ಗರ್ಡರಿನಿಂದಲೇ, ಅಂದರೆ ಹಳಿಯ ಮೇಲೆ ಹಾಯುವ ಅಡ್ಡತೊಲೆಯಿಂದಲೇ, ಆರಂಭಿಸುತ್ತಾರೆ. ದಯವಿಟ್ಟು ಮೆಟ್ಟಿಲಿನಿಂದ ಆರಂಭಿಸಿ.

ನನ್ನ ಮೊದಲ ಸೇತುವೆಗೆ ಮಿಠಾಯಿ ಪೆಟ್ಟಿಗೆಯ ರಟ್ಟು ಕತ್ತರಿಸಿ, ತಲಾ 4 ಮಿಲಿಮೀಟರ್ ಎತ್ತರದ ಹದಿನಾರು ಮೆಟ್ಟಿಲುಗಳನ್ನು ಅಂಟಿಸಿದ್ದೆ. ಹಳಿ ನೋಡಿಕೊಳ್ಳುವ ಕೆಲಸದಿಂದ ನಿವೃತ್ತರಾದ ನೆರೆಮನೆಯ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು, ಬಗ್ಗಿ, ಬಹಳ ಹೊತ್ತು ನೋಡಿ, ‘ಇದನ್ನು ಹತ್ತುವವನ ಮೊಣಕಾಲು ಎದೆಗೆ ತಾಗೀತು’ ಎಂದರು. ಲೆಕ್ಕ ಹಾಕಿದೆ, ನಿಜದ ಅಳತೆಯಲ್ಲಿ ಒಂದೊಂದು ಮೆಟ್ಟಿಲೂ ಸುಮಾರು 35 ಸೆಂಟಿಮೀಟರ್ ಆಗುತ್ತಿತ್ತು! ಮರುದಿನ ಬೆಳಿಗ್ಗೆ ಅವರೇ ನನ್ನನ್ನು ನಿಲ್ದಾಣಕ್ಕೆ ಕರೆದೊಯ್ದರು. ಪ್ಲಾಟ್‌ಫಾರಂ ಟಿಕೆಟು ಕೊಂಡು, ಹತ್ತಿಳಿಯುವವರಿಗೆ ದಾರಿ ಬಿಟ್ಟುಕೊಡುತ್ತಾ, ಮೆಟ್ಟಿಲಿಗೆ ಟೇಪು ಹಿಡಿದೆವು. ಎತ್ತರ 15 ಸೆಂಟಿಮೀಟರ್, ಕಾಲಿಡುವ ಅಗಲ 30. ಹಳೆಯ ಹಳಿಗಳನ್ನೇ ನೆಟ್ಟು ಮಾಡಿದ ಕಂಬವೊಂದನ್ನು ಅವರು ಅಂಗೈಯಿಂದ ತಟ್ಟಿ, ಹಳೆಯ ಗೆಳೆಯನನ್ನು ಪರಿಚಯಿಸುವಂತೆ ತೋರಿಸಿದರು. ಮನೆಗೆ ಬಂದವನೇ ನನ್ನ ಸೇತುವೆಯನ್ನು ಪೂರ್ತಿ ಕಿತ್ತೆ.

ಈಗ ಲೆಕ್ಕ ಕೇಳಿ. ವಿದ್ಯುತ್ ತಂತಿಯಿರುವ ಹಳಿಯಿಂದ ಸೇತುವೆಯ ಅಡಿಭಾಗ ಕನಿಷ್ಠ 6.25 ಮೀಟರ್ ಮೇಲಿರಬೇಕು. ಮಾದರಿಯಲ್ಲಿ ಅದು 72 ಮಿಲಿಮೀಟರ್. ಪ್ಲಾಟ್‌ಫಾರಮ್ಮಿನ ಎತ್ತರ ಕಳೆದರೂ ಮೆಟ್ಟಿಲುಗಳು 36ಕ್ಕೆ ಕಡಿಮೆಯಾಗವು; ನಡುವೆ ನಿಲ್ಲಲು ಬರುವ ಒಂದು ಸಮತಟ್ಟು ಜಾಗ (ಲ್ಯಾಂಡಿಂಗ್) ಸೇರಿಸಿದರೆ ಮೇಜಿನ ಮೇಲೆ ಸುಮಾರು 14 ಸೆಂಟಿಮೀಟರ್ ಉದ್ದದ ಜಾಗ ಬೇಕು. ಆ ಜಾಗವನ್ನು ಮೊದಲೇ ಗುರುತು ಹಾಕಿಕೊಳ್ಳದವರ ಗರ್ಡರ್ ಎಷ್ಟು ಚೆಂದವಿದ್ದರೇನು, ಅದರಿಂದ ಇಳಿಯುವವರು ಎಲ್ಲಿಗೆ ಇಳಿಯಬೇಕು? ಮತ್ತೆ ಹೇಳುತ್ತೇನೆ, ಮೊದಲು ಮೆಟ್ಟಿಲು.

ಗರ್ಡರಿಗೆ ಅಂಗಡಿಯಲ್ಲಿ ಸಿಗುವ ಜೋಡಿಸುವ ಬಿಡಿಭಾಗಗಳ ಕಿಟ್ ಬಳಸಬಹುದು. ಒಂದರ ಉದ್ದ ಸಾಲದಿದ್ದರೆ ಎರಡನ್ನು ಕತ್ತರಿಸಿ ಸೇರಿಸಿ, ಆದರೆ ಜೋಡಣೆ ಕಂಬದ ನೆತ್ತಿಯ ಮೇಲೆಯೇ ಬರಲಿ, ಆಗ ಅದು ಕಾಣಿಸದು. ಮೆಟ್ಟಿಲ ಬದಿಯ ಹಿಡಿಕಂಬಿಗೆ ಹಿಡಿಸೂಡಿಯ (ತೆಂಗಿನ ಪೊರಕೆಯ) ಕಡ್ಡಿಯ ತೆಳುತುದಿ ಸಾಕು. ರಟ್ಟಿಗೆ ಎರಡೂ ಬದಿ ವಾರ್ನಿಶ್ ಬಳಿಯದಿದ್ದರೆ ಮಳೆಗಾಲದ ನಮ್ಮ ಆಟಿ ತಿಂಗಳ ತೇವಕ್ಕೆ ಅದು ಉಬ್ಬುತ್ತದೆ. ಸಮಯ ಮುಗಿಯುತ್ತಾ ಬಂದುದರಿಂದ ಬಣ್ಣದ ಕುರಿತು ಒಂದೇ ಮಾತು: ತುಕ್ಕಿನ ಬಣ್ಣವನ್ನು ನೀರು ನಿಲ್ಲುವ ಮೂಲೆಗಳಿಗೆ ಮಾತ್ರ ಹಚ್ಚಿರಿ, ಮೆಟ್ಟಿಲಿನ ಅಂಚು ಜನರು ತುಳಿದು ತುಳಿದು ಹೊಳೆಯುತ್ತಿರುತ್ತದೆ.

ನಮಸ್ಕಾರ.