ಚಾವಣಿ ಕುಸಿದ ಮೇಲೆ

ಕೇಳುಗರಿಗೆ ನಮಸ್ಕಾರ.

1941ರ ಬೇಸಿಗೆ, ಎರಡನೇ ಮಹಾಯುದ್ಧದ ಕಾಲ. ಲಂಡನ್ನಿನ ಯುದ್ಧ ಮಂತ್ರಿಮಂಡಲದ ಕಾರ್ಯಾಲಯದಲ್ಲಿ ಬಟ್ ಎಂಬ ಅಧಿಕಾರಿಯ ಮುಂದೆ ಫೋಟೋಗಳ ರಾಶಿ ಬಂದು ಬಿತ್ತು. ಜರ್ಮನಿಯ ಮತ್ತು ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಮೇಲೆ ರಾತ್ರಿ ಹೊತ್ತು ಬಾಂಬು ಹಾಕಿ ಬಂದ ಬ್ರಿಟಿಷ್ ವಿಮಾನಗಳು ತೆಗೆದ 600ಕ್ಕೂ ಹೆಚ್ಚು ಚಿತ್ರಗಳು. ಆಗಿನ ಪದ್ಧತಿ ಹೀಗಿತ್ತು: ಬಾಂಬಿನ ಜತೆಗೆ ಕಣ್ಣು ಕುಕ್ಕುವ ಬೆಳಕಿನ ಬಾಂಬೊಂದನ್ನೂ ಬಿಡುವುದು, ಅದು ಸಿಡಿದು ನೆಲ ಬೆಳಗಿದ ಕ್ಷಣಕ್ಕೆ ವಿಮಾನದ ಹೊಟ್ಟೆಯಲ್ಲಿದ್ದ ಕ್ಯಾಮೆರಾ ಕೆಳಗಿನದನ್ನು ಸೆರೆಹಿಡಿಯುವುದು. ವೈಮಾನಿಕರು ಬರೆಸಿದ ವರದಿಯನ್ನು ಈ ಚಿತ್ರಗಳ ಜೊತೆ ತಾಳೆ ನೋಡುವುದು ಬಟ್ ಅವರ ಕೆಲಸ.

ತಾಳೆಯಾಗಲಿಲ್ಲ. ಗುರಿಗೇ ಹಾಕಿ ಬಂದೆವು ಎಂದ ವಿಮಾನಗಳಲ್ಲಿ ಮೂರಕ್ಕೊಂದು ಮಾತ್ರ ಗುರಿಯಿಂದ ಐದು ಮೈಲಿಯೊಳಗೆ ಹೋಗಿತ್ತು. ಐದು ಮೈಲಿ ಅಂದರೆ 8 ಕಿಲೋಮೀಟರ್. ಒಂದು ಕಾರ್ಖಾನೆಯನ್ನು ನಡುವೆ ಇಟ್ಟು ಆ ಅಳತೆಯಲ್ಲಿ ವೃತ್ತ ಎಳೆದರೆ ಅದರೊಳಗೆ 200 ಚದರ ಕಿಲೋಮೀಟರ್ ನೆಲ ಬರುತ್ತದೆ, ಹೊಲ, ಕಾಡು, ಹಳ್ಳ ಎಲ್ಲ ಸೇರಿ. ಅದರಲ್ಲಿ ಎಲ್ಲಿ ಬಿದ್ದರೂ ಗುರಿ ಮುಟ್ಟಿದ ಲೆಕ್ಕ! ಕಾರ್ಖಾನೆಗಳ ಹೊಗೆ ಕವಿದ ರೂರ್ ಪ್ರದೇಶದಲ್ಲಿ ಹತ್ತಕ್ಕೊಂದು. ಅಮಾವಾಸ್ಯೆಯ ಆಸುಪಾಸಿನಲ್ಲಿ ಹದಿನೈದಕ್ಕೊಂದು. ವೈಮಾನಿಕರು ಸುಳ್ಳು ಹೇಳುತ್ತಿರಲಿಲ್ಲ. ಕತ್ತಲು, ಮೋಡ, ಕೆಳಗಿನಿಂದ ಏರುವ ಗುಂಡುಗಳ ನಡುವೆ ಅವರಿಗೆ ತಾವು ಎಲ್ಲಿದ್ದೇವೆ ಎಂಬುದೇ ಗೊತ್ತಾಗುತ್ತಿರಲಿಲ್ಲ.

ಇಷ್ಟೊಂದು ವಿಮಾನಗಳು ಅಲ್ಲಿಗೆ ಹೋದದ್ದಾದರೂ ಏಕೆ? ಅದರ ಹಿಂದೆ ಇಪ್ಪತ್ತು ವರ್ಷ ಹಳೆಯದೊಂದು ನಂಬಿಕೆಯಿತ್ತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಲಕ್ಷಗಟ್ಟಲೆ ಜನ ಸತ್ತದ್ದನ್ನು ಕಂಡ ಇಟಲಿಯ ಜನರಲ್ ಜೂಲಿಯೊ ದುಹೆ 1921ರಲ್ಲಿ ಒಂದು ವಾದ ಮುಂದಿಟ್ಟ. ಗಡಿಯಲ್ಲಿ ಸೈನ್ಯದ ಜೊತೆ ಗುದ್ದಾಡುವ ಬದಲು ಅದರ ತಲೆಯ ಮೇಲಿಂದ ಹಾರಿಹೋಗಿ ಶತ್ರುವಿನ ಊರುಗಳ ಮೇಲೆ ಬಾಂಬು ಸುರಿಯಿರಿ, ಜನ ಕಂಗೆಟ್ಟು ತಮ್ಮ ಸರ್ಕಾರದ ಕೈಯಲ್ಲೇ ಯುದ್ಧ ನಿಲ್ಲಿಸುತ್ತಾರೆ ಎಂದ. 1932ರಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಸ್ಟ್ಯಾನ್ಲಿ ಬಾಲ್ಡ್ವಿನ್ ಸಂಸತ್ತಿನಲ್ಲೇ ಹೇಳಿದರು: ಯಾರು ಏನೇ ಮಾಡಲಿ, ಬಾಂಬರ್ ವಿಮಾನ ಒಳಗೆ ನುಗ್ಗಿಯೇ ತೀರುತ್ತದೆ ಎಂದು. ಅಷ್ಟು ದೊಡ್ಡ ಪ್ರಮಾಣದಲ್ಲಿ ನುಗ್ಗಿದ ಮೇಲೆ ಏನಾಗುತ್ತದೆ ಎಂಬುದನ್ನು ಆಗ ಯಾರೂ ನೋಡಿರಲಿಲ್ಲ.

ಬಟ್ ವರದಿ ಬಂದಾಗ ಈ ನಂಬಿಕೆಯನ್ನೇ ಕೈಬಿಡಬಹುದಿತ್ತು. ಬ್ರಿಟಿಷ್ ವಾಯುಪಡೆ ಗುರಿಯನ್ನೇ ದೊಡ್ಡದು ಮಾಡಿಕೊಂಡಿತು. ಕಾರ್ಖಾನೆಗೆ ತಾಗಿಸಲು ಆಗದಿದ್ದರೆ ಊರಿಗೆ ತಾಗಿಸೋಣ, ಊರು ತಪ್ಪುವುದಿಲ್ಲವಲ್ಲ! 1942ರ ಫೆಬ್ರವರಿಯಲ್ಲಿ ಆ ಆದೇಶವೂ ಹೊರಟಿತು: ಶತ್ರು ನಾಡಿನ ಜನರ, ಅದರಲ್ಲೂ ಕಾರ್ಮಿಕರ, ಮನೋಬಲವನ್ನು ಮುರಿಯಬೇಕು.

ಮನೋಬಲ ಹೇಗೆ ಮುರಿಯುತ್ತದೆ ಎಂದು ತಿಳಿಯಲು ಬ್ರಿಟನ್ ದೂರ ಹೋಗಬೇಕಿರಲಿಲ್ಲ. ಲಂಡನ್ನಿನ ಮೇಲೆ ಜರ್ಮನರು 57 ರಾತ್ರಿ ಒಂದೇ ಸಮನೆ ಬಾಂಬು ಹಾಕಿ ಹೋಗಿದ್ದರು. ಹಲ್ ಮತ್ತು ಬರ್ಮಿಂಗ್‌ಹ್ಯಾಮ್ ನಗರಗಳೂ ಏಟು ತಿಂದಿದ್ದವು. ಅಲ್ಲಿ ಜನರ ಮೇಲೆ ಆದ ಪರಿಣಾಮವನ್ನು ತಿಳಿಯಲು ಸಾಲಿ ಜುಕರ್‌ಮನ್, ಜೆ. ಡಿ. ಬರ್ನಾಲ್ ಎಂಬ ವಿಜ್ಞಾನಿಗಳು ಸಮೀಕ್ಷೆ ನಡೆಸಿದರು. ಅವರು ಮಾಡಿಸಿದ ಒಂದು ಕೆಲಸ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಹಲ್ ನಗರದ ಶಾಲಾ ಮಕ್ಕಳಿಂದ, ದಾಳಿಯ ದಿನ ನಿಮಗೇನಾಯಿತು, ನೀವೇನು ಮಾಡಿದಿರಿ ಎಂದು ಪ್ರಬಂಧ ಬರೆಸಿದರು. ಯುದ್ಧನೀತಿಯ ಕಡತಕ್ಕೆ ಮಕ್ಕಳ ಕೈಬರಹ! ಇಡೀ ಸಮೀಕ್ಷೆಯ ನಿರ್ಣಯ ಸ್ಪಷ್ಟವಾಗಿತ್ತು: ಎರಡೂ ಊರುಗಳಲ್ಲಿ ಜನ ದಿಕ್ಕೆಟ್ಟು ಓಡಿದ ಗುರುತೇ ಇರಲಿಲ್ಲ.

ಆದರೆ ಆ ವರದಿ ಪೂರ್ತಿಯಾಗುವ ಮೊದಲೇ, ಮಾರ್ಚ್ ತಿಂಗಳಲ್ಲಿ, ಚರ್ಚಿಲ್ಲರ ವೈಜ್ಞಾನಿಕ ಸಲಹೆಗಾರ ಲಾರ್ಡ್ ಚೆರ್ವೆಲ್ ಅದೇ ಸಮೀಕ್ಷೆಯ ಹೆಸರು ಹೇಳಿ ತದ್ವಿರುದ್ಧದ ಟಿಪ್ಪಣಿ ಕಳಿಸಿಯಾಗಿತ್ತು. ಮನುಷ್ಯನ ಧೈರ್ಯ ಕುಗ್ಗಿಸಲು ಅವನ ಮನೆ ಕೆಡವುವುದಕ್ಕಿಂತ ದೊಡ್ಡ ಉಪಾಯವಿಲ್ಲ, ಜರ್ಮನಿಯ ಮೂರನೇ ಒಂದು ಪಾಲು ಜನರನ್ನು ಮನೆಯಿಲ್ಲದವರನ್ನಾಗಿ ಮಾಡಬಹುದು ಎಂಬುದು ಅದರ ಸಾರ. ನಮ್ಮ ಜನ ಹೆದರಲಿಲ್ಲ, ಅವರ ಜನ ಹೆದರುತ್ತಾರೆ ಎಂಬ ಈ ಲೆಕ್ಕ ಎಲ್ಲಿಂದ ಬಂತೋ!

ಮನೆಗಳು ಬಿದ್ದದ್ದು ನಿಜ. 1943ರ ಜುಲೈ 27ರ ರಾತ್ರಿ ಹ್ಯಾಂಬರ್ಗ್‌ನಲ್ಲಿ ಬೆಂಕಿಗೆ ಬೆಂಕಿ ಕೂಡಿ ಬಿರುಗಾಳಿಯೇ ಎದ್ದಿತು. ಆ ವಾರದ ದಾಳಿಗಳಲ್ಲಿ ಸತ್ತವರು ಸುಮಾರು 40,000. ಇಂಥವು ಇನ್ನು ಆರು ನಡೆದರೆ ಶಸ್ತ್ರಾಸ್ತ್ರ ತಯಾರಿಕೆ ನಿಂತೇಹೋಗುತ್ತದೆ ಎಂದು ಜರ್ಮನಿಯ ಮಂತ್ರಿ ಆಲ್ಬರ್ಟ್ ಸ್ಪೀರ್ ಹಿಟ್ಲರನಿಗೇ ಹೇಳಿದ. ಆದರೆ ಹಾಗೆ ಒಂದರ ಮೇಲೊಂದು ನಡೆಸಲು ಆಗಲಿಲ್ಲ. ಆ ರಾತ್ರಿಯ ಒಣಹವೆ, ರೇಡಾರ್ ಕಣ್ಣಿಗೆ ಮಣ್ಣೆರಚಲು ಆ ವಾರ ಮೊದಲ ಸಲ ಸುರಿದ ಅಲ್ಯೂಮಿನಿಯಂ ಹಚ್ಚಿದ ಕಾಗದದ ಪಟ್ಟಿಗಳು, ಇವೆಲ್ಲ ಕೂಡಿಬರುವುದು ಅಪರೂಪ. ಐದೇ ತಿಂಗಳಲ್ಲಿ ಹ್ಯಾಂಬರ್ಗ್‌ನ ಉತ್ಪಾದನೆ ಹಿಂದಿನ ಮಟ್ಟದ ಶೇಕಡಾ 80ಕ್ಕೆ ಮರಳಿತು. ಮನೆ ಕಳೆದುಕೊಂಡವರು ದಂಗೆ ಏಳಲಿಲ್ಲ. ಏಳುವುದಾದರೂ ಹೇಗೆ? ಊಟದ ಚೀಟಿ, ಕಂಬಳಿ, ಮಲಗಲು ಜಾಗ, ಎಲ್ಲಕ್ಕೂ ಅವರು ಅದೇ ನಾಜಿ ಸರ್ಕಾರದ ಮುಂದೆ ಸಾಲು ನಿಲ್ಲಬೇಕಿತ್ತು.

ಅಮೆರಿಕದವರ ಹಾದಿ ಬೇರೆ. ಅವರು ಹಗಲಲ್ಲೇ, ಆಯ್ದ ಕಾರ್ಖಾನೆಗಳ ಮೇಲೆ ಹೋದರು. ಷ್ವೈನ್‌ಫರ್ಟ್ ಎಂಬ ಊರಿನಲ್ಲಿ ಜರ್ಮನಿಯ ಬಾಲ್ ಬೇರಿಂಗ್ ಕಾರ್ಖಾನೆಗಳು ಗುಂಪಾಗಿದ್ದವು. ಟ್ಯಾಂಕ್, ವಿಮಾನ, ಲಾರಿ, ತಿರುಗುವ ಯಾವುದಕ್ಕೂ ಬೇರಿಂಗ್ ಬೇಕು. ಒಂದು ಕೊಂಡಿ ಕಳಚಿದರೆ ಸರಪಣಿಯೇ ಬೀಳುತ್ತದೆ ಎಂಬ ಊಹೆ. 1943ರ ಅಕ್ಟೋಬರ್ 14ರಂದು 291 ವಿಮಾನಗಳು ಹೊರಟವು, 60 ಮರಳಲಿಲ್ಲ. ಪ್ರತಿ ವಿಮಾನದಲ್ಲೂ ಹತ್ತು ಜನ.

ಮೇಲಿನಿಂದ ತೆಗೆದ ಫೋಟೋದಲ್ಲಿ ಕಾರ್ಖಾನೆ ನಾಶವಾದಂತೆಯೇ ಕಂಡಿತು. ಚಾವಣಿ ಕುಸಿದಿತ್ತು, ಗೋಡೆ ಉರುಳಿತ್ತು. ಆದರೆ ಕಾರ್ಖಾನೆಯ ಜೀವ ಇರುವುದು ಯಂತ್ರಗಳಲ್ಲಿ. ಲೇತು, ಗ್ರೈಂಡಿಂಗ್ ಯಂತ್ರ, ಇವೆಲ್ಲ ಎರಕದ ಕಬ್ಬಿಣದ ಭಾರಿ ಸಾಮಾನು. ಮೇಲೆ ಬಿದ್ದ ಇಟ್ಟಿಗೆ ತೆಗೆದು, ಧೂಳು ಒರೆಸಿ, ಎಣ್ಣೆ ಬಿಟ್ಟರೆ ಹಲವು ಮತ್ತೆ ತಿರುಗುತ್ತಿದ್ದವು. ಜರ್ಮನರು ಅವನ್ನು ಬೇರೆ ಬೇರೆ ಊರುಗಳಿಗೆ ಹಂಚಿಬಿಟ್ಟರು. ದಾಸ್ತಾನಿತ್ತು, ಸ್ವೀಡನ್ನಿನಿಂದಲೂ ಬೇರಿಂಗ್ ಬರುತ್ತಿತ್ತು. ಬೇರಿಂಗ್ ಇಲ್ಲವೆಂದು ಒಂದು ಟ್ಯಾಂಕೂ ನಿಂತಂತೆ ಕಾಣಲಿಲ್ಲ. 1942ರಲ್ಲಿ ಸುಮಾರು 15,000 ವಿಮಾನ ತಯಾರಿಸಿದ್ದ ಜರ್ಮನಿ, ಬಾಂಬಿನ ಮಳೆ ಸುರಿಯುತ್ತಿದ್ದ 1944ರಲ್ಲಿ ತಯಾರಿಸಿದ್ದು ಸುಮಾರು 40,000.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಮೇಲಿನಿಂದ ಬಂದ ದಾಳಿಯಿಂದಾಗಿಯೇ ಸಾವಿರಾರು ತೋಪುಗಳು, ಯುದ್ಧವಿಮಾನಗಳು ರಣರಂಗ ಬಿಟ್ಟು ಜರ್ಮನಿಯ ಊರುಗಳ ಕಾವಲಿಗೆ ನಿಂತವು. ಕೃತಕ ಪೆಟ್ರೋಲ್ ಸ್ಥಾವರಗಳ ಮೇಲಿನ ದಾಳಿಯಂತೂ ನಿಜಕ್ಕೂ ತಾಗಿತು. 1944ರ ಏಪ್ರಿಲ್‌ನಲ್ಲಿ ಅವುಗಳಿಂದ 1,75,000 ಟನ್ ವಿಮಾನ ಇಂಧನ ಬರುತ್ತಿತ್ತು, ಸೆಪ್ಟೆಂಬರ್‌ನಲ್ಲಿ ಬಂದದ್ದು 5,000. ಆದರೆ ಲೊಯ್ನಾ ಎಂಬ ಒಂದೇ ಸ್ಥಾವರಕ್ಕೆ 22 ಸಲ ಹೋಗಬೇಕಾಯಿತು. ಹೋದಾಗಲೆಲ್ಲ ಕೆಳಗೆ ದುರಸ್ತಿ ನಡೆದಿರುತ್ತಿತ್ತು. ಇದನ್ನು ಹಿಡಿದು ನೋಡಿದರೆ ಷ್ವೈನ್‌ಫರ್ಟಿನ ಗುಟ್ಟೂ ಬಿಡಿಸಿಕೊಳ್ಳುತ್ತದೆ: ಒಂದೆರಡು ಸಲ ಹೋಗಿ ಕೆಡವಿ, ಫೋಟೋ ನೋಡಿ, ಪಟ್ಟಿಯಿಂದ ಹೆಸರು ಹೊಡೆದುಹಾಕಿದರೆ ಕೆಳಗಿನ ಜನರಿಗೆ ಬೇಕಾಗಿದ್ದ ಬಿಡುವು ಸಿಗುತ್ತದೆ. ಇಷ್ಟರ ನಡುವೆ ಬ್ರಿಟಿಷ್ ಬಾಂಬರ್ ಪಡೆಯೊಂದರಲ್ಲೇ ಸತ್ತವರು 55,000ಕ್ಕೂ ಹೆಚ್ಚು. ಒಟ್ಟು ವೈಮಾನಿಕರು ಸುಮಾರು 1,25,000.

ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕವೇ ದೊಡ್ಡದೊಂದು ಸಮೀಕ್ಷೆ ಮಾಡಿಸಿತು. ಅದರ ನಿರ್ದೇಶಕರಲ್ಲಿ ಒಬ್ಬರು ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೇತ್. ಬೇರಿಂಗಿನ ಕಥೆ, ಯಂತ್ರಗಳ ಕಥೆ, ಎದೆಗುಂದಿದ ಕಾರ್ಮಿಕ ಕೂಡ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದ ಕಥೆ, ಎಲ್ಲ ಅದರಲ್ಲಿ ದಾಖಲಾಗಿವೆ. ಓದಲು ಸಮಯ ಬೇಕಾದಷ್ಟಿತ್ತು. ಆದರೂ ಇಪ್ಪತ್ತು ವರ್ಷದ ನಂತರ, 1965ರ ಏಪ್ರಿಲ್ 3ರಂದು, ಉತ್ತರ ವಿಯೆಟ್ನಾಮಿನ ಥಾನ್ ಹೋವಾ ಸೇತುವೆಯ ಮೇಲೆ ಅಮೆರಿಕ 79 ವಿಮಾನಗಳನ್ನು ಕಳಿಸಿತು. ಮಾ ನದಿಯ ಮೇಲೆ ಹಿಂದಿನ ವರ್ಷವಷ್ಟೇ ಮುಗಿದ ಸೇತುವೆ ಅದು. ರೈಲು, ಲಾರಿ ಎರಡಕ್ಕೂ ಅದೇ ದಾರಿ. ಉಕ್ಕು ಕಪ್ಪಾಯಿತು, ಸೇತುವೆ ಬೀಳಲಿಲ್ಲ. ಮರುದಿನವೂ ಹೋದರು. ಆಮೇಲೆ ವರ್ಷಗಟ್ಟಲೆ ಹೋದರು. ಹಾನಿಯಾದಾಗ ಸ್ಥಳೀಯರು ಕಟ್ಟಿಕೊಂಡರು, ಕಟ್ಟುವ ತನಕ ದೋಣಿಗಳಲ್ಲಿ, ತೇಲು ಸೇತುವೆಗಳಲ್ಲಿ ಸಾಮಾನು ದಾಟಿಸಿದರು.

ಕೊನೆಗೆ 1972ರಲ್ಲಿ ಲೇಸರ್ ಬೆಳಕು ಹಿಡಿದು ಗುರಿಗೆ ಇಳಿಯುವ ಬಾಂಬುಗಳು ಬಂದವು. ಆಗ ಸೇತುವೆ ಬಿತ್ತು. ಏಳು ವರ್ಷದ ಹಿಂದೆ ಗುರಿ ತಪ್ಪುತ್ತಿದೆ ಎಂದು ಕೊರಗುತ್ತಿದ್ದವರಿಗೆ ಈಗ ಗುರಿ ಸಿಕ್ಕಿತ್ತು. ನದಿಯ ಆಚೆ ದಡಕ್ಕೆ ಹೋಗಬೇಕಾದ ಲಾರಿಗಳು ಅಷ್ಟು ಹೊತ್ತಿಗೆ ಬೇರೆ ದಾರಿ ರೂಢಿ ಮಾಡಿಕೊಂಡಿದ್ದವು. ಆಮೇಲೆ ಸೇತುವೆಯ ದುರಸ್ತಿಯೂ ಆಯಿತು. ಈಗಲೂ ಅದರ ಮೇಲೆ ರೈಲು ಓಡುತ್ತದೆ.

ನಮಸ್ಕಾರ.