ಮೂವತ್ತು ರೈತರು, ಮೂರು ಕಾಯ್ದೆಗಳು

[ಪರದೆಯ ಮೇಲೆ: ತೊಗರಿ ರಾಶಿ, ಪಕ್ಕದಲ್ಲಿ ಬೇಳೆ ಗಿರಣಿ]

ನಮಸ್ಕಾರ. ಒಂದೂರಿನ ಮೂವತ್ತು ರೈತರು ತಾವು ಬೆಳೆದ ತೊಗರಿಯನ್ನು ತಾವೇ ಬೇಳೆ ಮಾಡಿ ಮಾರಲು ನಿಶ್ಚಯಿಸಿದ್ದಾರೆ ಎಂದುಕೊಳ್ಳೋಣ. ಗಿರಣಿಗಿಂತ ಮೊದಲು ಅವರೆದುರು ನಿಲ್ಲುವ ಪ್ರಶ್ನೆ, ಯಾವ ಕಾಯ್ದೆಯಡಿ ನೋಂದಾಯಿಸಬೇಕು ಎಂಬುದು. ಏಕೆಂದರೆ ಇಂತಹ ಸಾಮಾಜಿಕ ಉದ್ಯಮಗಳಿಗೆಂದೇ, ಅಂದರೆ ಲಾಭದ ಜೊತೆಗೆ ಸಮುದಾಯದ ಹಿತವನ್ನೂ ನೋಡುವ ಉದ್ಯಮಗಳಿಗೆಂದೇ, ಪ್ರತ್ಯೇಕ ಕಾಯ್ದೆ ನಮ್ಮ ದೇಶದಲ್ಲಿಲ್ಲ.

ಕಾಯ್ದೆ ಬಿಟ್ಟಷ್ಟೇ ಜಾಗದಲ್ಲಿ ಸಂಘ ಬೆಳೆಯುತ್ತದೆ ಎಂಬುದಕ್ಕೆ ಗದಗ ಬಳಿಯ ಕಣಗಿನಹಾಳವೇ ಸಾಕ್ಷಿ. ಅಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಆರಂಭವಾದದ್ದು ಪತ್ತಿನ ಸಂಘ, ಅಂದರೆ ಸದಸ್ಯರಿಗೆ ಸಾಲ ಕೊಡುವ ಸಹಕಾರ ಸಂಘ. 1904ರ ಸಹಕಾರ ಕಾಯ್ದೆ ಅವಕಾಶ ಕೊಟ್ಟಿದ್ದೂ ಪತ್ತಿನ ಸಂಘಗಳಿಗೆ ಮಾತ್ರ. ಖರೀದಿ, ಮಾರಾಟದಂತಹ ಉದ್ದೇಶಗಳಿಗೆ ಬಾಗಿಲು ತೆರೆದದ್ದು 1912ರ ಕಾಯ್ದೆ.

ಇಂದು ನಮ್ಮ ರೈತರು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯನ್ನು ಆರಿಸಿಕೊಂಡರೆ ಸರ್ಕಾರದ ನೆರವಿನ ದಾರಿ ಸುಲಭವಾಗುತ್ತದೆ, ಆದರೆ ಆಡಳಿತ ಮಂಡಳಿಯನ್ನು ವಜಾಗೊಳಿಸಿ ಆಡಳಿತಾಧಿಕಾರಿಯನ್ನು ಕೂರಿಸುವ ಅಧಿಕಾರವೂ ಅದೇ ಕಾಯ್ದೆಯಲ್ಲಿದೆ. ಆ ಹಂಗು ಬೇಡವೆನ್ನುವವರಿಗಾಗಿ, ಸ್ವಾಯತ್ತತೆ ಮತ್ತು ಸ್ವಾವಲಂಬನೆಯ ಆಶಯದೊಂದಿಗೆ, 1997ರ ಸೌಹಾರ್ದ ಸಹಕಾರಿ ಕಾಯ್ದೆ ಬಂದಿತು.

[ಪರದೆಯ ಮೇಲೆ: ರೈತ ಉತ್ಪಾದಕ ಕಂಪನಿ]

ಮೂರನೆಯ ದಾರಿ ಕಂಪನಿ ಕಾಯ್ದೆಗೆ ತಂದ 2002ರ ತಿದ್ದುಪಡಿಯಿಂದ ತೆರೆದುಕೊಂಡ ಉತ್ಪಾದಕ ಕಂಪನಿ. ಹೆಸರು ಕಂಪನಿಯದಾದರೂ ಜೀವ ಸಹಕಾರದ್ದೇ, ಏಕೆಂದರೆ ಬರೀ ರೈತರೇ ಸದಸ್ಯರಾಗಿರುವ ಕಂಪನಿಯಲ್ಲಿ ಹತ್ತು ಷೇರಿನವರಿಗೂ ಐನೂರು ಷೇರಿನವರಿಗೂ ಒಂದೇ ಮತ. ಲಾಭದಲ್ಲಿ ಬೋನಸ್ ಹಂಚುವಾಗಲೂ ಯಾರು ಎಷ್ಟು ತೊಗರಿ ತಂದರೆಂಬುದೇ ಲೆಕ್ಕಕ್ಕೆ ಬರುತ್ತದೆ. ಉತ್ಪಾದಕರಲ್ಲದವರು ಸದಸ್ಯರಾಗುವಂತಿಲ್ಲವಾದ್ದರಿಂದ ಪೇಟೆಯ ಸಾಹುಕಾರ ಷೇರು ಕೊಂಡು ಗಿರಣಿಯನ್ನೇ ನುಂಗಿಬಿಡುವ ಭಯವಿಲ್ಲ. ತೊಡಕಿರುವುದೂ ಅಲ್ಲಿಯೇ: ಅದೇ ಬೇಲಿ ಹೊರಗಿನ ಷೇರು ಬಂಡವಾಳವನ್ನೂ ತಡೆಯುವುದರಿಂದ, ಗಿರಣಿಗೆ ಬೇಕಾದ ಹಣವನ್ನು ರೈತರು ತಮ್ಮ ಜೇಬಿನಿಂದಲೋ ಸಾಲದಿಂದಲೋ ಹೊಂದಿಸಬೇಕು. ರಕ್ಷಣೆಗೆ ತೆರುವ ಈ ಬೆಲೆ ನ್ಯಾಯವಾದದ್ದೇ ಎಂದು ನನಗನ್ನಿಸುತ್ತದೆ, ಆದರೆ ಚಿಕ್ಕ ಹಿಡುವಳಿಯವರಿಗೆ ಅದು ಹಗುರವಾದುದಲ್ಲ.

ಇಷ್ಟರ ಮೇಲೆ ಕನಿಷ್ಠ ಐವರು ನಿರ್ದೇಶಕರು, ಪೂರ್ಣಾವಧಿಯ ಒಬ್ಬ ಮುಖ್ಯ ಕಾರ್ಯನಿರ್ವಾಹಕರು, ವರ್ಷ ತಪ್ಪದೆ ಸಲ್ಲಿಸಬೇಕಾದ ಲೆಕ್ಕಪತ್ರಗಳು ಇವೆ. ಹಾಗಾಗಿ ನಮ್ಮ ಮೂವತ್ತು ಜನ ಸಹಿ ಹಾಕುವ ಮುನ್ನ, ಆ ಕಾರ್ಯನಿರ್ವಾಹಕರ ಸಂಬಳ ಮತ್ತು ಲೆಕ್ಕಪರಿಶೋಧಕರ ಶುಲ್ಕ ಎಷ್ಟು ಕ್ವಿಂಟಲ್ ಬೇಳೆಯ ಲಾಭದಿಂದ ಹುಟ್ಟೀತು ಎಂದು ಕುಳಿತು ಲೆಕ್ಕ ಹಾಕಬೇಕು.